ಶಾಂತಿ ಸಭೆಯ ನಡಾವಳಿ ಪುಸ್ತಕದಲ್ಲಿ ನಮ್ಮ ಸಹಿಗೂ ಜಾಗ ಬೇಕು

ವಿಜಯಪುರ ಜಿಲ್ಲೆಯಲ್ಲಿ ಶಾಂತಿ ಸಭೆಗಳನ್ನು ಕರೆಯುವ ಅಧಿಕಾರಿಗಳಿಗೆ ಮತ್ತು ಆ ಸಭೆಗಳ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಿರಿಯರಿಗೆ,

ನಮಸ್ಕಾರಗಳು.

ನಾನು ಈ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಿಮ್ಮಲ್ಲಿ ಹಲವರು ನನ್ನ ವಿದ್ಯಾರ್ಥಿಗಳು, ಇನ್ನು ಕೆಲವರು ನನ್ನ ವಿದ್ಯಾರ್ಥಿಗಳ ತಂದೆಯರು. ಆ ಸಲುಗೆಯಿಂದಲೇ, ಬಹಳ ದಿನಗಳಿಂದ ಮನಸ್ಸಿನಲ್ಲಿ ಕುಳಿತಿರುವ ಒಂದು ಮಾತನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಶಾಂತಿ ಸಭೆಗೆ ಹೆಣ್ಣುಮಕ್ಕಳನ್ನು ಕರೆಯಿರಿ. ಸ್ವಾಗತ ಗೀತೆ ಹಾಡುವುದಕ್ಕೆ, ಆರತಿ ಹಿಡಿಯುವುದಕ್ಕೆ ಸಾಕಷ್ಟು ಕರೆದಿದ್ದೀರಿ. ಈ ಸಲ ಮಾತಾಡುವುದಕ್ಕೆ, ಒಪ್ಪುವುದಕ್ಕೆ, ಬೇಡವೆನ್ನುವುದಕ್ಕೆ, ಕೊನೆಗೆ ನಡಾವಳಿ ಪುಸ್ತಕದಲ್ಲಿ ಸಹಿ ಹಾಕುವುದಕ್ಕೆ ಕರೆಯಿರಿ.

ನಮ್ಮ ಕಡೆ ಶಾಂತಿ ಸಭೆ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಣೇಶ ಚತುರ್ಥಿ, ಮೊಹರಂ, ಈದ್ ಮಿಲಾದ್, ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಠಾಣೆಯಿಂದ ಫೋನ್ ಹೋಗುತ್ತದೆ. ಸಂಜೆ ಏಳಕ್ಕೆ ಠಾಣೆಯ ಅಂಗಳದಲ್ಲೋ ಪ್ರವಾಸಿ ಮಂದಿರದಲ್ಲೋ ಕುರ್ಚಿ ಹಾಕುತ್ತಾರೆ. ಗಜಾನನ ಮಂಡಳಿಗಳ ಪದಾಧಿಕಾರಿಗಳು, ಅಂಜುಮನ್‌ನ ಹಿರಿಯರು, ವ್ಯಾಪಾರಿಗಳು, ಸಂಘಟನೆಗಳ ಮುಖಂಡರು, ಪುರಸಭೆಯವರು ಬರುತ್ತಾರೆ. ಮೆರವಣಿಗೆಯ ದಾರಿ ಯಾವುದು, ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ, ಸ್ವಯಂಸೇವಕರು ಎಷ್ಟು ಜನ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಇಂಥ ಸಭೆಗಳಿಂದ ಎಷ್ಟೋ ಊರುಗಳು ಉಳಿದುಕೊಂಡಿವೆ. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯೂ ಈದ್ ಮಿಲಾದೂ ಒಂದೇ ದಿನ ಬಂದಾಗ ಎಷ್ಟೋ ಕಡೆ ಹಿರಿಯರು ಕುಳಿತು ಮಾತಾಡಿ ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡರು. ಆ ದೊಡ್ಡತನಕ್ಕೆ ನಾನು ಕೈ ಮುಗಿಯುತ್ತೇನೆ. ನನ್ನ ತಕರಾರು ಇರುವುದು ಸಭೆಯ ಮೇಲಲ್ಲ, ಅದರ ಕುರ್ಚಿಗಳ ಹಂಚಿಕೆಯ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಊರಿನ ಹೆಸರು ಬೇಡ, ಗಾಯ ಮಾಯ್ದಿದೆ. ಒಂದು ಫ್ಲೆಕ್ಸ್ ಹರಿದ ನೆಪಕ್ಕೆ ಎರಡು ಓಣಿಗಳ ಹುಡುಗರು ಹೊಡೆದಾಡಿಕೊಂಡರು. ಎರಡು ಅಂಗಡಿಗಳ ಗಾಜು ಒಡೆಯಿತು, ಒಬ್ಬ ಹುಡುಗನ ತಲೆಗೆ ಆರು ಹೊಲಿಗೆ ಬಿದ್ದವು, ಆ ವಾರದ ಸಂತೆ ನಡೆಯಲಿಲ್ಲ. ಮರುದಿನ ಸಂಜೆ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಒಬ್ಬ ಅವ್ವನ ಕಿವಿಗೆ ಒಂದು ಮಾತು ಬಿತ್ತು. ರೊಟ್ಟಿ ಕಟ್ಟಿಸಿಕೊಳ್ಳಲು ಬಂದ ಹುಡುಗರು ಬಾಗಿಲಲ್ಲಿ ನಿಂತು ಆಡಿಕೊಂಡ ಮಾತು: ರಾತ್ರಿ ಹತ್ತಕ್ಕೆ, ಬೈಕುಗಳ ಮೇಲೆ, ಇಂಥ ಓಣಿಗೆ.

ಅವ್ವ ಠಾಣೆಗೆ ಹೋಗಲಿಲ್ಲ. ಹೋದರೆ ಆ ಹುಡುಗರ ಮೇಲೆ ಪ್ರಕರಣ ದಾಖಲಾಗಿ ಓದು, ನೌಕರಿ ಎಲ್ಲ ಮಣ್ಣುಪಾಲಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಲೆಯ ಮೇಲಿನ ಹಂಚು ಇಳಿಸಿ ಬಳೆ ಮಾರುವ ಖಾಲಾನ ಮನೆಗೆ ಹೋದರು. ಖಾಲಾ ಎರಡೂ ಓಣಿಗಳ ಮನೆಮನೆಗೆ ಹೋಗಿ ಮೂವತ್ತು ವರ್ಷ ಬಳೆ ತೊಡಿಸಿದವರು. ಯಾವ ಹುಡುಗ ಯಾರ ಮಗ, ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ತಾಯಿ ಹೆದರುತ್ತಾಳೆ, ಯಾವ ತಾಯಿ ಗಟ್ಟಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಬ್ಬರೂ ಮನೆಗಳನ್ನು ಹಂಚಿಕೊಂಡರು. ಅವ್ವ ನಾಲ್ಕು ಮನೆಗೆ, ಖಾಲಾ ಮೂರು ಮನೆಗೆ. ಎಲ್ಲ ಕಡೆಯೂ ಒಂದೇ ಮಾತು: "ತಂಗಿ, ಇವತ್ತು ರಾತ್ರಿ ನಿನ್ನ ಮಗನ ಗಾಡಿ ಹೊರಗೆ ಬೀಳಬಾರದು."

ಆ ಏಳು ತಾಯಂದಿರಲ್ಲಿ ಒಬ್ಬಳು ನನ್ನ ವಿದ್ಯಾರ್ಥಿನಿ. ಮಗನ ಬೈಕಿನ ಕೀಲಿಯನ್ನು ಅವಳು ಜೋಳದ ಹಿಟ್ಟಿನ ಡಬ್ಬಿಯಲ್ಲಿ, ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಹೂತಿಟ್ಟಳು. ವಾರದ ನಂತರ ನನಗೆ ಹೇಳಿದಳು: "ಕಪಾಟು, ಹಾಸಿಗೆ, ದೇವರ ಮಾಡ ಎಲ್ಲ ಹುಡುಕಿದ ಟೀಚರ್. ಹಿಟ್ಟಿನ ಡಬ್ಬಿಗೆ ಮಾತ್ರ ಕೈ ಹಾಕಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಕಿದವನಲ್ಲ." ಆ ರಾತ್ರಿ ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಯಾವ ಬೈಕೂ ಸದ್ದು ಮಾಡಲಿಲ್ಲ.

ಮರುದಿನದ ಶಾಂತಿ ಸಭೆ ನಮ್ಮ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಅದರ ಕೀಲಿ ನನ್ನ ಬಳಿ ಇದ್ದದ್ದರಿಂದ ನಾನು ಅಲ್ಲಿದ್ದೆ. ನಲವತ್ತಕ್ಕೂ ಹೆಚ್ಚು ಗಂಡಸರು, ನಾವಿಬ್ಬರು ಹೆಂಗಸರು. ಇನ್ನೊಬ್ಬರು ಆ ವಾರ್ಡಿನ ಪುರಸಭೆ ಸದಸ್ಯೆ. ಜನ ಮತ ಕೊಟ್ಟು ಆರಿಸಿದ ಸದಸ್ಯೆ ಗೋಡೆಗೆ ಒರಗಿ ಹಿಂದೆ ಕುಳಿತಿದ್ದರು, ಅವರ ಗಂಡ ಮುಂದಿನ ಸಾಲಿನಲ್ಲಿದ್ದರು. ಮಾತೆಲ್ಲ ಮುಗಿದು ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೊರಟಿತು. ಸದಸ್ಯೆಯ ಹೆಸರಿನ ಮುಂದೆ ಗಂಡನೇ ಸಹಿ ಹಾಕಿದರು. ನಾನು ಮಾತಾಡಬೇಕೆಂದು ಎದ್ದು ನಿಂತಾಗ ಯಾರೋ ಬಹಳ ಗೌರವದಿಂದಲೇ, "ಟೀಚರ್, ಚಹಾ ಬಂತೇನು ನೋಡುತ್ತೀರಾ" ಎಂದರು. ನಾನು ಚಹಾ ನೋಡಲು ಹೋದೆ. ಆ ದಿನ ನಾನು ಮಾತಾಡದೆ ಉಳಿದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಡಾವಳಿಯಲ್ಲಿ ಹಿರಿಯರ ಸಮಯಪ್ರಜ್ಞೆಯಿಂದ ಶಾಂತಿ ನೆಲೆಸಿತೆಂದು ದಾಖಲಾಯಿತು. ಖಾನಾವಳಿಯ ಅವ್ವನ ಹೆಸರಿಲ್ಲ, ಖಾಲಾನ ಹೆಸರಿಲ್ಲ. ಹೆಸರು ಬರಲಿಲ್ಲವೆಂದು ಅವರಿಬ್ಬರಿಗೂ ಬೇಸರವಿಲ್ಲ. ನನಗೆ ಬೇಸರವಿರುವುದು ಬೇರೆ ಕಾರಣಕ್ಕೆ. ಗಲಾಟೆಯ ದಿನ ಮಧ್ಯಾಹ್ನದಿಂದಲೇ ಒಂದು ಅಂಗಡಿಯ ಹಿಂದೆ ಹುಡುಗರಿಗೆ ಕಳ್ಳಸಾರಾಯಿ ಸಿಗುತ್ತಿತ್ತು. ಓಣಿಯ ಪ್ರತಿ ಹೆಣ್ಣುಮಗಳಿಗೂ ಅದು ಗೊತ್ತಿತ್ತು. ಮೊಬೈಲಿನಲ್ಲಿ ಸುಳ್ಳು ವಿಡಿಯೊ ಮೊದಲು ಹರಿಬಿಟ್ಟವನು ಯಾರೆಂಬುದು ಅವನ ಅಕ್ಕನಿಗೆ ಗೊತ್ತಿತ್ತು. ಸಭೆಯಲ್ಲಿ ಆ ಎರಡು ಸಂಗತಿಗಳೂ ಬರಲಿಲ್ಲ. ಬಲ್ಲವರು ಯಾರೂ ಅಲ್ಲಿರಲಿಲ್ಲ. ದಾರಿ ನಿಗದಿಯಾಯಿತು, ಹೊತ್ತು ನಿಗದಿಯಾಯಿತು, ಸಾರಾಯಿ ಮುಂದಿನ ವರ್ಷವೂ ಅಲ್ಲೇ ಸಿಕ್ಕಿತು.

ಇನ್ನೊಂದು ಪುಸ್ತಕದ ಲೆಕ್ಕವನ್ನೂ ಹೇಳುತ್ತೇನೆ, ಅದು ನನ್ನ ಹಾಜರಿ ಪುಸ್ತಕ. ಪೇಟೆ ಮೂರನೇ ದಿನಕ್ಕೆ ತೆರೆಯಿತು. ಗಂಡುಹುಡುಗರು ನಾಲ್ಕನೇ ದಿನಕ್ಕೆ ತರಗತಿಗೆ ಬಂದರು. ಆ ಎರಡು ಓಣಿಗಳ ಹುಡುಗಿಯರು ಮೂರು ವಾರ ಬರಲಿಲ್ಲ. ಇಬ್ಬರು ಮತ್ತೆ ಬರಲೇ ಇಲ್ಲ. ಅವರಲ್ಲಿ ಒಬ್ಬಳ ಮದುವೆ ಹತ್ತನೇ ತರಗತಿ ಮುಗಿಯುವ ಮೊದಲೇ ಆಯಿತು. ಒಂದು ಗಲಾಟೆ ಯಾವಾಗ ಮುಗಿಯಿತು ಎಂಬುದಕ್ಕೆ ಠಾಣೆಯ ದಾಖಲೆಯಲ್ಲಿ ಒಂದು ತಾರೀಖು ಇರುತ್ತದೆ. ಶಾಲೆಯ ಹಾಜರಿಯಲ್ಲಿ ಬೇರೆಯೇ ತಾರೀಖು ಇರುತ್ತದೆ. ಆ ಎರಡನೇ ತಾರೀಖನ್ನು ಕೇಳುವವರು ನಿಮ್ಮ ಸಭೆಯಲ್ಲಿ ಬೇಕು.

ನಮ್ಮ ವಿಜಯಪುರದ ಮಟ್ಟಿಗೆ ಇದು ಹೊಸ ಮಾತೂ ಅಲ್ಲ. ಶಹಾಪುರ ಬಾಗಿಲಿನ ಹತ್ತಿರದ ಚಾಂದ್ ಬಾವಡಿಯನ್ನು ನೀವೆಲ್ಲ ನೋಡಿದ್ದೀರಿ. ಒಂದನೇ ಅಲಿ ಆದಿಲ್ ಶಾಹ ಅದನ್ನು ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿಸಿದ. ಮಕ್ಕಳಿಗೆ ಪಾಠ ಮಾಡುವಾಗ ನಾವು ತೋರಿಸುವುದು ಆಕೆ ಕುದುರೆ ಏರಿ ಗಿಡುಗ ಹಿಡಿದ ಚಿತ್ರವನ್ನು, ಹೇಳುವುದು ಅಹಮದ್‌ನಗರದ ಕೋಟೆಯ ಗೋಡೆ ಒಡೆದಾಗ ಆಕೆ ಕತ್ತಿ ಹಿಡಿದು ನಿಂತ ಕತೆಯನ್ನು. ಆದರೆ ಆಕೆಯ ಬದುಕು ಶುರುವಾದದ್ದೇ ಒಂದು ಒಪ್ಪಂದದಿಂದ. 1565ರ ತಾಳಿಕೋಟೆ ಯುದ್ಧಕ್ಕೆ ಮೊದಲು ಅಹಮದ್‌ನಗರ ಮತ್ತು ವಿಜಯಪುರದ ಸುಲ್ತಾನರು ಹಗೆ ಬಿಟ್ಟು ಒಂದಾಗಬೇಕಿತ್ತು. ಅಹಮದ್‌ನಗರದ ಮಗಳು ಚಾಂದ್ ಬೀಬಿಯನ್ನು ಇಲ್ಲಿಗೆ ಕೊಟ್ಟರು, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ ಕೊಟ್ಟರು. ಇಲ್ಲಿಯ ಮಗಳನ್ನು ಅಲ್ಲಿಗೆ ಕೊಟ್ಟರು. ಆ ಒಪ್ಪಂದದಲ್ಲಿ ಹೆಣ್ಣು ಕೊಟ್ಟು ತಂದ ವಸ್ತು, ಕೋಟೆಯ ಹಾಗೆ.

1580ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಬಾಲಕ ಎರಡನೇ ಇಬ್ರಾಹಿಂನ ಪರವಾಗಿ ಈ ರಾಜ್ಯ ನೋಡಿಕೊಂಡಳು. ಒಬ್ಬ ಮಂತ್ರಿ ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆ ಇಟ್ಟ. ಹೊರಬಂದು ಮತ್ತೆ ನಿಂತಳು. ಮುಂದೆ ತವರಿಗೆ ಹೋಗಿ ಮೊಗಲರ ಮುತ್ತಿಗೆಯಿಂದ ಅಹಮದ್‌ನಗರವನ್ನು ಉಳಿಸಿಕೊಂಡಳು. 1596ರಲ್ಲಿ ಬೇರಾರ್ ಪ್ರಾಂತ್ಯವನ್ನು ಬಿಟ್ಟುಕೊಟ್ಟು ಮೊಗಲರೊಂದಿಗೆ ಸಂಧಿ ಮಾಡಿಕೊಂಡದ್ದೂ ಆಕೆಯೇ. ಏನು ಬಿಟ್ಟರೆ ಏನು ಉಳಿಯುತ್ತದೆ ಎಂದು ತೂಗಿ ನೋಡುವ ಬುದ್ಧಿ ಅದು. 1600ರಲ್ಲಿ ಮತ್ತೆ ಮುತ್ತಿಗೆ ಬಿದ್ದಾಗ, ಈ ಸಲ ಮಾತುಕತೆಯೇ ದಾರಿ ಎಂದು ಆಕೆ ಕಂಡುಕೊಂಡಳು. ಶತ್ರುವಿಗೆ ಮಾರಿಕೊಂಡಳೆಂದು ಕೋಟೆಯೊಳಗಿನವರೇ ಗುಲ್ಲೆಬ್ಬಿಸಿದರು. ತನ್ನ ಸೈನಿಕರ ಕೈಯಲ್ಲೇ ಆಕೆ ಸತ್ತಳು. ಅದೇ ವರ್ಷ ಕೋಟೆ ಬಿತ್ತು. ಕತ್ತಿ ಹಿಡಿದಿದ್ದಾಗ ಆಕೆಯನ್ನು ತಲೆಯ ಮೇಲೆ ಹೊತ್ತವರು, ಮಾತಿಗೆ ಕುಳಿತಾಗ ಕೊಂದರು. ಈ ಪಾಠವನ್ನು ಮಾಡುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟಿದೆ.

ನೆರೆಯ ಬೆಳಗಾವಿಯ ವೃತ್ತದಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕುದುರೆಯ ಮೇಲಿದ್ದಾಳೆ. 1824ರ ಅಕ್ಟೋಬರಿನ ಗೆಲುವನ್ನು ನಾವು ಉತ್ಸವ ಮಾಡಿ ನೆನೆಯುತ್ತೇವೆ, ನೆನೆಯಲೇಬೇಕು. ಆಕೆ ಯುದ್ಧಕ್ಕೆ ಮೊದಲೂ ನಂತರವೂ ಕಂಪನಿಯ ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆಸಿದ್ದನ್ನು, ಧಾರವಾಡದಿಂದ ಮುಂಬಯಿ ಗವರ್ನರನವರೆಗೆ ತನ್ನ ವಾದ ಮುಟ್ಟಿಸಿದ್ದನ್ನು ಯಾವ ವೃತ್ತದಲ್ಲೂ ಯಾರೂ ಕೆತ್ತಲಿಲ್ಲ. ಸೆರೆಸಿಕ್ಕ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳನ್ನು ಆಕೆ ಯುದ್ಧ ನಿಲ್ಲುತ್ತದೆಂಬ ಭರವಸೆಯ ಮೇಲೆ ಬಿಟ್ಟುಕೊಟ್ಟಳು. ಭರವಸೆ ಮುರಿದವರು ಎದುರಿನವರು. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು. ನಾವು ನಮ್ಮ ಹೆಣ್ಣುಮಕ್ಕಳಿಗೆ ಕುದುರೆ ಕೊಟ್ಟಿದ್ದೇವೆ, ಕತ್ತಿ ಕೊಟ್ಟಿದ್ದೇವೆ, ಬಾವಿಗೆ ಹೆಸರು ಕೊಟ್ಟಿದ್ದೇವೆ. ಕುರ್ಚಿ ಕೊಡಲು ಮಾತ್ರ ಕೈ ಬಂದಿಲ್ಲ.

ಈ ಕೊರತೆ ನಮ್ಮೊಬ್ಬರದೇ ಅಲ್ಲ. 1992ರಿಂದ 2019ರವರೆಗೆ ಜಗತ್ತಿನಲ್ಲಿ ನಡೆದ ದೊಡ್ಡ ಶಾಂತಿ ಮಾತುಕತೆಗಳನ್ನು ವಿಶ್ವಸಂಸ್ಥೆಯ ಮಹಿಳಾ ವಿಭಾಗ ಲೆಕ್ಕ ಹಾಕಿದೆ. ಮಾತುಕತೆಗೆ ಕುಳಿತವರಲ್ಲಿ ಹೆಂಗಸರು ಸರಾಸರಿ ಶೇಕಡ 13, ಮಧ್ಯಸ್ಥರಲ್ಲಿ ಶೇಕಡ 6, ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಶೇಕಡ 6. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು 1325ನೇ ನಿರ್ಣಯವನ್ನು ಒಪ್ಪಿ, ಶಾಂತಿ ಮಾತುಕತೆಯ ಎಲ್ಲ ಹಂತಗಳಲ್ಲೂ ಹೆಂಗಸರು ಇರಬೇಕೆಂದು ಹೇಳಿತು. ಹೇಳಿದ್ದು ಎಷ್ಟು ನಡೆದಿದೆ ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ನಡೆದ ಕಡೆ ಏನಾಯಿತು ಎಂಬುದನ್ನೂ ಹೇಳಬೇಕು. ಲೈಬೀರಿಯಾ ದೇಶ 14 ವರ್ಷ ಒಳಯುದ್ಧದಲ್ಲಿ ಬೆಂದಿತ್ತು. ಅಲ್ಲಿ ಲೇಮಾ ಬೋವಿ ಎಂಬ ತಾಯಿ ಚರ್ಚಿನ ಹೆಂಗಸರನ್ನು ಸೇರಿಸಿದಳು. ಅದೇ ಚರ್ಚಿನಲ್ಲಿ ಅಸಾಟು ಬಾ ಕೆನೆತ್ ಎಂಬ ಮುಸ್ಲಿಂ ಹೆಣ್ಣುಮಗಳು ಎದ್ದು ನಿಂತು, ನಮ್ಮ ಸಮುದಾಯದ ಹೆಂಗಸರೂ ನಿಮ್ಮ ಜೊತೆ ಬರುತ್ತಾರೆ ಎಂದು ಸಾರಿದಳು. ಪೊಲೀಸ್ ಅಧಿಕಾರಿಗಳು ಇದನ್ನು ಗಮನಿಸಬೇಕು: ಆಕೆ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿ. ಎರಡೂ ಧರ್ಮದ ಹೆಂಗಸರು ಬಿಳಿ ಬಟ್ಟೆ ತೊಟ್ಟು ಮೀನು ಪೇಟೆಯ ಬಯಲಿನಲ್ಲಿ ಬಿಸಿಲು ಮಳೆ ಎನ್ನದೆ ದಿನಾ ಕುಳಿತರು. 2003ರಲ್ಲಿ ಘಾನಾದ ಅಕ್ರಾ ನಗರದಲ್ಲಿ ಮಾತುಕತೆ ವಾರಗಟ್ಟಲೆ ಎಳೆದಾಡಿದಾಗ, ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತು, ಒಪ್ಪಂದವಾಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಆಗಸ್ಟ್ 18ರಂದು ಒಪ್ಪಂದವಾಯಿತು. 2005ರ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅಧ್ಯಕ್ಷೆಯಾಗಿ ಗೆದ್ದರು. ಆಫ್ರಿಕಾದಲ್ಲಿ ಜನರಿಂದ ಆಯ್ಕೆಯಾದ ಮೊದಲ ಮಹಿಳಾ ಅಧ್ಯಕ್ಷೆ ಅವರು. 2011ರ ನೊಬೆಲ್ ಶಾಂತಿ ಪ್ರಶಸ್ತಿ ಬೋವಿಗೂ ಸರ್ಲೀಫ್ ಅವರಿಗೂ ಯೆಮನ್‌ನ ತವಕ್ಕುಲ್ ಕರ್ಮಾನ್ ಅವರಿಗೂ ಸೇರಿ ಬಂತು. ಆ ದೇಶದ ಶಾಂತಿ ಕಾಯಲು 2007ರಲ್ಲಿ ಹೋದ ವಿಶ್ವಸಂಸ್ಥೆಯ ಮೊಟ್ಟಮೊದಲ ಪೂರ್ಣ ಮಹಿಳಾ ಪೊಲೀಸ್ ದಳ ನಮ್ಮ ಭಾರತದ್ದು. ಸಾಗರದಾಚೆ ಶಾಂತಿ ಕಾಯಲು ನಮ್ಮ ಹೆಣ್ಣುಮಕ್ಕಳನ್ನು ಕಳಿಸಬಲ್ಲ ದೇಶ, ತಾಲ್ಲೂಕಿನ ಸಭೆಗೆ ಕರೆಯಲಾರದೇ?

ಉತ್ತರ ಐರ್ಲೆಂಡಿನ ಕತೆ ಇದಕ್ಕಿಂತ ನಮಗೆ ಹತ್ತಿರ. ಅಲ್ಲಿಯೂ ಎರಡು ಓಣಿಗಳ ಜಗಳ, ಮೆರವಣಿಗೆಯ ದಾರಿಯ ಜಗಳ. 1996ರಲ್ಲಿ ಮಾತುಕತೆಗೆ ಪ್ರತಿನಿಧಿಗಳನ್ನು ಆರಿಸುವ ಚುನಾವಣೆ ಬಂದಾಗ ಹೆಂಗಸರು ಕೆಲವೇ ವಾರಗಳಲ್ಲಿ ತಮ್ಮದೊಂದು ಪಕ್ಷ ಕಟ್ಟಿದರು. ಬಂದ ಮತ ಶೇಕಡ 1ರಷ್ಟು, ಸಿಕ್ಕ ಕುರ್ಚಿ ಎರಡು. ಕ್ಯಾಥೊಲಿಕ್ ಮನೆತನದ ಮೋನಿಕಾ ಮೆಕ್‌ವಿಲಿಯಮ್ಸ್, ಪ್ರಾಟೆಸ್ಟೆಂಟ್ ಮನೆತನದ ಪರ್ಲ್ ಸೇಗರ್ ಅಕ್ಕಪಕ್ಕ ಕುಳಿತರು. ಅವರು ಮಾತಿಗೆ ಎದ್ದಾಗ ಕೆಲವು ಗಂಡಸರು ಹಸುವಿನಂತೆ ಕೂಗಿ ಹಂಗಿಸಿದರು. ಹಂಗಿಸಿದವರ ಎದುರಿಗೇ ಕುಳಿತು ಅವರು ಕೇಳಿದ್ದು ನೊಂದವರಿಗೆ ಪರಿಹಾರ, ಎರಡೂ ಕಡೆಯ ಮಕ್ಕಳು ಕೂಡಿ ಕಲಿಯುವ ಶಾಲೆ, ಕೂಡಿ ಬಾಳುವ ವಸತಿ. 1998ರ ಏಪ್ರಿಲ್ 10ರ ಒಪ್ಪಂದದಲ್ಲಿ ಅವು ಸೇರಿದವು. ಬಂದೂಕು, ಗಡಿ, ಅಧಿಕಾರ ಎಂದು ಎಲ್ಲರೂ ಮಾತಾಡುವಾಗ ಶಾಲೆ ಎಂದವರು ಅವರು. ಶಿಕ್ಷಕಿಯಾಗಿ ನನಗೆ ಅದು ಎಷ್ಟು ದೊಡ್ಡ ಮಾತೆಂದು ಗೊತ್ತು.

ಫಿಲಿಪ್ಪೀನ್ಸ್‌ನಲ್ಲಿ ಸರ್ಕಾರಕ್ಕೂ ಮುಸ್ಲಿಂ ಬಂಡುಕೋರರಿಗೂ ನಡುವೆ ಆದ 2014ರ ಬಂಗ್ಸಮೊರೊ ಒಪ್ಪಂದಕ್ಕೆ ಸರ್ಕಾರದ ಮುಖ್ಯ ಪ್ರತಿನಿಧಿಯಾಗಿ ಸಹಿ ಹಾಕಿದವರು ಮಿರಿಯಂ ಕೊರೊನೆಲ್ ಫೆರರ್ ಎಂಬ ಪ್ರಾಧ್ಯಾಪಕಿ. ಅಫ್ಘಾನಿಸ್ತಾನದ ಪಾಡು ಇದಕ್ಕೆ ತಿರುಗುಮುರುಗು. 2020ರ ದೋಹಾ ಮಾತುಕತೆಯಲ್ಲಿ ತಾಲಿಬಾನ್ ಕಡೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಸರ್ಕಾರದ ಕಡೆ ನಾಲ್ವರಿದ್ದರು. ಮರುವರ್ಷ ಆ ದೇಶದಲ್ಲಿ ಹುಡುಗಿಯರ ಪ್ರೌಢಶಾಲೆಗಳ ಬಾಗಿಲು ಮುಚ್ಚಿತು.

ದೂರದ ದೇಶಗಳು ಬೇಡವೆಂದರೆ ನಮ್ಮದೇ ದೇಶದ ನಾಗಾ ಜನರನ್ನು ನೋಡಿ. ಮಣಿಪುರದ ತಂಗ್ಖುಲ್ ನಾಗಾ ಸಮುದಾಯದಲ್ಲಿ ಒಂದು ಹಳೆಯ ಸಂಪ್ರದಾಯವಿತ್ತು. ಒಂದು ಊರಿನಿಂದ ಇನ್ನೊಂದು ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳನ್ನು ಪುಕ್ರೇಲಾ ಎನ್ನುತ್ತಿದ್ದರು. ಎರಡು ಊರುಗಳಿಗೆ ಕಾಳಗ ಹತ್ತಿದಾಗ ಆಕೆ ನಡುವೆ ಬಂದು ನಿಂತರೆ ಯಾರೂ ಆಕೆಯ ಮೇಲೆ ಕೈ ಮಾಡುವಂತಿರಲಿಲ್ಲ. ತವರೂ ತನ್ನದು, ಗಂಡನ ಊರೂ ತನ್ನದು ಎಂಬ ಆ ಸಂಕಟ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ, ನಮ್ಮ ಬೀಸುವ ಪದಗಳ ತುಂಬ ಅದೇ ಇದೆ. 1984ರಲ್ಲಿ ಕಟ್ಟಿದ ನಾಗಾ ತಾಯಂದಿರ ಸಂಘ 1994ರಲ್ಲಿ ಇನ್ನು ರಕ್ತ ಹರಿಸಬೇಡಿ ಎಂಬ ಚಳವಳಿ ಶುರು ಮಾಡಿತು, ಪರಸ್ಪರ ಕೊಲ್ಲುತ್ತಿದ್ದ ಗುಂಪುಗಳ ನಾಯಕರ ಬಳಿಗೆ ನಡೆದು ಹೋಗಿ ಮಾತಾಡಿತು. ಇಷ್ಟು ಮಾಡಿದ ಹೆಂಗಸರಿಗೆ ರಾಜಕಾರಣದಲ್ಲಿ ಸಿಕ್ಕಿದ್ದೇನು? 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡಿನ ವಿಧಾನಸಭೆಗೆ ಮೊದಲ ಇಬ್ಬರು ಮಹಿಳಾ ಶಾಸಕರು ಹೋದದ್ದು 2023ರಲ್ಲಿ. ನಗರ ಸಂಸ್ಥೆಗಳಲ್ಲಿ ಮೂರರಲ್ಲಿ ಒಂದು ಪಾಲು ಕೊಡಲು ಹೊರಟಾಗ 2017ರಲ್ಲಿ ದೊಡ್ಡ ಗಲಭೆಯೇ ಆಗಿ, ಜೀವಗಳು ಹೋಗಿ, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಕೊನೆಗೆ 2024ರಲ್ಲಿ ಆ ಮೀಸಲಾತಿಯೊಂದಿಗೆ ಚುನಾವಣೆ ನಡೆಯಿತು. ಬೆಂಕಿ ಆರಿಸುವಾಗ ಕೊಡ ಹಿಡಿದು ಬನ್ನಿ ಎಂದವರು, ಮನೆ ಕಟ್ಟುವಾಗ ನೀವು ಹೊರಗಿರಿ ಎಂದರು.

ನಮ್ಮ ರಾಜ್ಯ ಈ ವಿಷಯದಲ್ಲಿ ಬಹಳ ಮುಂದಿದೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ದೇಶದ ಉಳಿದ ಭಾಗಕ್ಕಿಂತ ಮೊದಲೇ, 1987ರ ಚುನಾವಣೆಯಲ್ಲೇ ಇಲ್ಲಿಯ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಸಿಕ್ಕಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಅಂದರೆ ಈ ಜಿಲ್ಲೆಯ ಪ್ರತಿ ಹಳ್ಳಿಯಲ್ಲೂ ಚುನಾವಣೆ ಗೆದ್ದ, ಮನೆಯ ಹಂಚಿಕೆ, ನೀರಿನ ಜಗಳ, ಉದ್ಯೋಗ ಖಾತ್ರಿಯ ಲೆಕ್ಕ ಬಿಡಿಸಿದ ಹೆಂಗಸರಿದ್ದಾರೆ. ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಪಾಲಿಗೆ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲಿ ಆಯಿತು, ಅದಕ್ಕೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂಬ ಷರತ್ತುಗಳನ್ನು ಹಾಕಿದರು. ಶಾಂತಿ ಸಭೆಗೆ ಅಂಥ ಯಾವ ಷರತ್ತೂ ಇಲ್ಲ. ಆ ಪಟ್ಟಿ ಸಿದ್ಧವಾಗುವುದು ಠಾಣೆಯ ಮೇಜಿನ ಮೇಲೆ. ಒಂದು ಸುತ್ತೋಲೆ, ಒಂದು ಪೆನ್ನು ಸಾಕು.

ಕರೆದರೂ ಹೆಂಗಸರು ಬರುವುದಿಲ್ಲ ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಸಂಜೆ ಏಳಕ್ಕೆ ಠಾಣೆಗೆ ಬಾ ಎಂದರೆ ಯಾವ ಮನೆಯ ಹೆಣ್ಣುಮಗಳು ಬರುತ್ತಾಳೆ? ಅದು ಒಲೆ ಹೊತ್ತಿಸುವ ಹೊತ್ತು. ಠಾಣೆಯ ಮೆಟ್ಟಿಲು ಹತ್ತಿದವಳನ್ನು ಓಣಿ ನಾಲ್ಕು ದಿನ ಆಡಿಕೊಳ್ಳುತ್ತದೆ. ಸಭೆಯನ್ನು ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಸಮುದಾಯ ಭವನದಲ್ಲಿ ಇಡಿ, ಹಗಲಿನಲ್ಲಿ ಇಡಿ. ಸದಸ್ಯೆಯನ್ನು ಕರೆಯುವಾಗ ಸದಸ್ಯೆಯ ಮೊಬೈಲಿಗೇ ಫೋನ್ ಮಾಡಿ, ಅವರ ಗಂಡನಿಗಲ್ಲ. ಗಂಡ ಬಂದರೆ ಗೌರವದಿಂದ ಕೂರಿಸಿ, ಆದರೆ ಪೆನ್ನು ಅವರ ಕೈಗೆ ಕೊಡಬೇಡಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೆಂಗಸರೇನು ದ್ವೇಷದಿಂದ ದೂರವೇ, ಅವರೂ ಮಕ್ಕಳ ತಲೆ ಕೆಡಿಸುವುದಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅವರ ಮಾತು ಸುಳ್ಳಲ್ಲ. 1994ರಲ್ಲಿ ರುವಾಂಡಾದ ನರಮೇಧಕ್ಕೆ ಕುಮ್ಮಕ್ಕು ಕೊಟ್ಟವರಲ್ಲಿ ಆ ದೇಶದ ಮಹಿಳಾ ಕಲ್ಯಾಣ ಸಚಿವೆಯೂ ಇದ್ದಳು, 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆಕೆಗೆ ಶಿಕ್ಷೆ ಕೊಟ್ಟಿತು. ಅದೇ ರುವಾಂಡಾ 2003ರ ಸಂವಿಧಾನದಲ್ಲಿ ಶೇಕಡ 30 ಸ್ಥಾನ ಹೆಂಗಸರಿಗೆ ಕೊಟ್ಟು, 2008ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಹೆಂಗಸರೇ ಬಹುಮತವಾದ ಜಗತ್ತಿನ ಮೊದಲ ದೇಶವಾಯಿತು. ಅಲ್ಲಿಯೂ ಎದುರು ಮಾತಾಡುವವರಿಗೆ ಜಾಗ ಕಡಿಮೆ ಎಂಬುದು ಬೇರೆ ನೋವು. ಹೆಣ್ಣು ಹುಟ್ಟಿನಿಂದಲೇ ಶಾಂತಿಮೂರ್ತಿ ಎಂದು ನಾನು ಹೇಳುತ್ತಿಲ್ಲ, ನನ್ನ ತರಗತಿಯ ಹುಡುಗಿಯರು ಎಷ್ಟು ಜಗಳವಾಡುತ್ತಿದ್ದರು ಎಂಬುದು ನನಗೆ ಗೊತ್ತು. ಊರಿನ ಅರ್ಧದಷ್ಟು ಜನ ಆ ಒಪ್ಪಂದದ ಕೆಳಗೆ ಬದುಕಬೇಕು, ಅದಕ್ಕೆ ಅವರನ್ನು ಕೇಳಬೇಕು. ತಪ್ಪು ಮಾತಾಡುವ ಹೆಣ್ಣುಮಗಳಿದ್ದರೆ ಅವಳೂ ಸಭೆಯಲ್ಲೇ ಎಲ್ಲರೆದುರು ಆ ಮಾತಾಡಲಿ, ಅಲ್ಲೇ ಉತ್ತರ ಸಿಗಲಿ.

ಯಾರನ್ನು ಕರೆಯಬೇಕೆಂದು ಕೇಳಿದರೆ, ಪಕ್ಷಗಳ ಮಹಿಳಾ ಘಟಕಕ್ಕೆ ಒಂದು ಪತ್ರ ಹಾಕಿ ಕೈ ತೊಳೆದುಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮೊಹರಂನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸಲು ಹೋಗುವ ಹಿಂದೂ ಮನೆಯ ಹೆಣ್ಣುಮಕ್ಕಳಿದ್ದಾರೆ. ಚೋಂಗೆ, ಸುರಕುಂಬಾ ಕೊಟ್ಟು ಅದೇ ಡಬ್ಬಿಯಲ್ಲಿ ಹೋಳಿಗೆ ತುಂಬಿಸಿಕೊಂಡು ಬರುವ ಮುಸ್ಲಿಂ ಮನೆಯ ಹೆಣ್ಣುಮಕ್ಕಳಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಮೆರವಣಿಗೆಯ ಸದ್ದು ಎಲ್ಲಿ ತಗ್ಗಬೇಕು ಎಂದು ಗೊತ್ತು. ಬೆಳಗ್ಗೆ ಐದಕ್ಕೆ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರಿಗೆ, ರಾತ್ರಿ ಎಲ್ಲಿ ಕಲ್ಲು ಗುಡ್ಡೆ ಬಿದ್ದಿವೆ ಎಂದು ನಿಮಗಿಂತ ಮೊದಲು ಕಾಣುತ್ತದೆ. ಸ್ವಸಹಾಯ ಸಂಘಗಳ ಸಾಲದ ಪುಸ್ತಕದಲ್ಲಿ ಎರಡೂ ಓಣಿಗಳ ಹೆಸರು ಒಂದರ ಕೆಳಗೊಂದು ಇವೆ. ಪಟ್ಟಿಯ ಅರ್ಧ ಭಾಗ ಇವರಿಂದ ತುಂಬಲಿ. ನಮ್ಮ ನಗರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿನಿಯರು ನಡಾವಳಿ ಬರೆಯಲಿ, ಯಾರು ಏನು ಹೇಳಿದರೆಂಬುದು ಹೇಳಿದವರ ಹೆಸರಿನೊಂದಿಗೆ ಉಳಿಯಲಿ.

ಹಬ್ಬ ಮುಗಿದ ಮೇಲೂ ಒಂದು ಸಭೆ ಬೇಕು. ಗಲಾಟೆಯಾದ ಊರಿನಲ್ಲಿ ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ಕೂಡಬೇಕು. ಒಡೆದ ಅಂಗಡಿಗೆ ಪರಿಹಾರ ಬಂತೇ, ಅಂಗಡಿ ನಡೆಸುತ್ತಿದ್ದ ಹೆಂಗಸಿನ ಕೈಗೇ ಬಂತೇ, ನಿಷೇಧಾಜ್ಞೆಯ ದಿನಗಳಲ್ಲಿ ಕೂಲಿ ಕಳೆದುಕೊಂಡವರು ಸಾಲಕ್ಕೆ ಬಿದ್ದರೇ, ಯಾವ ಹುಡುಗಿ ಶಾಲೆ ಬಿಟ್ಟಳು. ಇವನ್ನು ಕೇಳಲು ಆ ಊರಿನ ಶಾಲೆಯ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ನನ್ನನ್ನು ಕರೆದರೆ ನಾನೇ ಹಿಡಿದುಕೊಂಡು ಬರುತ್ತೇನೆ, ಈ ಸಲ ಚಹಾ ನೋಡಲು ಎದ್ದು ಹೋಗುವುದಿಲ್ಲ.

ಈ ಪತ್ರ ಬರೆಯುವ ಮೊದಲು ನಾನು ಆ ಇಬ್ಬರನ್ನೂ ಕಂಡು ಬಂದೆ. ಖಾಲಾಗೆ ಈಗ ಮಂಡಿ ನೋವು, ಬಳೆಯ ಬುಟ್ಟಿಯನ್ನು ಸೊಸೆ ಹೊತ್ತುಕೊಂಡು ಹೋಗುತ್ತಾಳೆ. ಸಭೆ ಮೆಟ್ಟಿಲಿಲ್ಲದ ಜಾಗದಲ್ಲಿದ್ದರೆ ಇಬ್ಬರೂ ಬರುವುದಾಗಿ ಹೇಳಿದರು. ಖಾನಾವಳಿಯ ಊಟದ ಹೊತ್ತು ಎರಡೂವರೆಗೆ ಮುಗಿಯುತ್ತದೆ. ಮೂರು ಗಂಟೆಗೆ ಇಟ್ಟರೆ ಅವ್ವನಿಗೂ ಅನುಕೂಲ. ಐದಕ್ಕೆ ಮತ್ತೆ ಹಿಟ್ಟು ನಾದಬೇಕು, ಅಷ್ಟರೊಳಗೆ ಮುಗಿಸಿಕೊಡಿ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ವಿಜಯಪುರ ಜಿಲ್ಲೆ